ಗುಂಡಿಗೆ ಮೂಗು ಬೇಕೆಂದವರು

ಜೀವಶಾಸ್ತ್ರ ಪಾಠ ಮಾಡುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ನಮ್ಮ ಕಾಲೇಜಿನ ಭೌತಶಾಸ್ತ್ರದವರಿಗೆ ಆಗುವುದಿಲ್ಲ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಅವರನ್ನು ತಡೆದು, ಗುರುತ್ವಾಕರ್ಷಣೆ ನಮ್ಮ ಕಡೆ ಹಾಗಲ್ಲ ಎಂದು ಯಾರೂ ತಿದ್ದುವುದಿಲ್ಲ. ಗಣಿತದವರನ್ನು ಕಂಡರಂತೂ ಜನ ದಾರಿ ಬಿಡುತ್ತಾರೆ. ಉಸಿರಾಟದ ವಿಷಯ ಬಂದರೆ ಮಾತ್ರ ಎಲ್ಲರೂ ಅನುಭವಸ್ಥರು. ಹುಟ್ಟಿದ ಗಳಿಗೆಯಿಂದ ಮಾಡಿಕೊಂಡು ಬಂದಿದ್ದಾರೆ. ನನಗಿಂತ ವಯಸ್ಸಾದವರು ನನಗಿಂತ ಹೆಚ್ಚು ಮಾಡಿದ್ದಾರೆ. ಅವರ ಮುಂದೆ ನನ್ನ ಎಂ.ಎಸ್ಸಿ. ಯಾವ ಲೆಕ್ಕ?

ನಾನು ಹೇಳುವುದು ಬಹಳ ಇಲ್ಲ. ಉಸಿರಾಟ ಎಂದರೆ ಮೂಗಿನ ಕೆಲಸವಲ್ಲ. ಮೂಗು ಬಾಗಿಲು ಅಷ್ಟೆ. ನಿಜವಾದ ಉಸಿರಾಟ ಒಂದೊಂದು ಜೀವಕೋಶದ ಒಳಗೂ ನಡೆಯುತ್ತದೆ. ಅಲ್ಲಿ ಸಕ್ಕರೆ ಮುರಿದು ಶಕ್ತಿ ಹೊರಡುತ್ತದೆ. ಆಮ್ಲಜನಕ ಇದ್ದರೆ ಸಕ್ಕರೆ ಪೂರ್ತಿ ಮುರಿದು ಇಂಗಾಲದ ಡೈಆಕ್ಸೈಡೂ ನೀರೂ ಆಗುತ್ತದೆ, ಶಕ್ತಿ ಜಾಸ್ತಿ. ಇಲ್ಲದಿದ್ದರೆ ಅರ್ಧಕ್ಕೆ ಮುರಿದು ಹುಳಿಯೋ ಹೆಂಡವೋ ಆಗಿ ನಿಲ್ಲುತ್ತದೆ, ಶಕ್ತಿ ಅಲ್ಪ. ಇದನ್ನು ಹತ್ತನೇ ತರಗತಿಯ ಪುಸ್ತಕದಲ್ಲೂ ಬರೆದಿದ್ದಾರೆ, ಪರೀಕ್ಷೆಗೂ ಕೇಳುತ್ತಾರೆ, ಎಲ್ಲರೂ ಬರೆದು ಪಾಸಾಗಿದ್ದಾರೆ. ಆಮೇಲೆ ಮನೆಗೆ ಹೋಗಿ ಇದಕ್ಕೆ ಏನು ಮಾಡುತ್ತಾರೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪೈಪು

ನಮ್ಮ ಅಣ್ಣನ ಮನೆ ಗುರುಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಹೊಗೆಸೊಪ್ಪು ಅಣ್ಣನದು, ಹಸುಗಳು ಅತ್ತಿಗೆಯವು. ಬೇಸಿಗೆಯಲ್ಲಿ ಹಸಿರು ಮೇವು ಮುಗಿದು ಹಾಲು ಇಳಿಯುತ್ತದೆ. ಹೋದ ವರ್ಷ ಅತ್ತಿಗೆಯ ಅಪ್ಪ, ಬೇಸಿಗೆಗೆ ಮುಂಚೆ ಎರಡು ಹಸು ಮಾರಿಬಿಡಿ ಎಂದು ಹಟ ಹಿಡಿದು, ತಮ್ಮೂರಿನ ಗಿರಾಕಿಯನ್ನೂ ಗೊತ್ತು ಮಾಡಿದರು. ಅವರು ರಾವಂದೂರಿನವರು, ವಾರದಲ್ಲಿ ಅರ್ಧ ಮಗಳ ಮನೆಯಲ್ಲೇ ಇರುತ್ತಾರೆ, ನನಗೂ ಮಾವ ಎಂದು ಕರೆದೇ ರೂಢಿ. ಅವರು ಆರಿಸಿದ ಎರಡರಲ್ಲಿ ಒಂದು ಕಪ್ಪು ಹಸು. ಅತ್ತಿಗೆ ಅದನ್ನು ಕರುವಿನಿಂದ ಸಾಕಿದ್ದಾರೆ. ಅದು ಅವರನ್ನು ಬಿಟ್ಟು ಬೇರೆಯವರಿಗೆ ಹಾಲು ಕೊಡುವುದಿಲ್ಲ. ನನಗೆ ಒದೆ ಕೊಡುತ್ತದೆ.

ನಾನು ಸೈಲೇಜ್ ಗುಂಡಿ ಹಾಕಿ ಎಂದೆ. ಮುಸುಕಿನ ಜೋಳವನ್ನು ಕಾಳಿನಲ್ಲಿ ಹಾಲು ಇರುವಾಗಲೇ ಕಡಿದು, ಮಷೀನಿನಲ್ಲಿ ಸಣ್ಣಗೆ ಕತ್ತರಿಸಿ, ಗುಂಡಿಗೆ ತುಂಬಿ, ಗಾಳಿ ಉಳಿಯದಂತೆ ತುಳಿದು ಮುಚ್ಚಿಟ್ಟರೆ ಬೇಸಿಗೆಗೆ ಮೇವು ಸಿದ್ಧ. ಹೇಗೆ ಎಂದು ವಿವರಿಸಲು ಹೊರಟೆ.

"ನಿನ್ ಪಾಠ ಬ್ಯಾಡ ಕಣಪ್ಪ," ಅಂದರು ಅತ್ತಿಗೆ. "ಬ್ಯಾಸ್ಗೇಲಿ ಹಸ ತಿಂತದಾ ಇಲ್ವಾ, ಅದ್ನೇಳು."

"ತಿನ್ನುತ್ತೆ."

ಅತ್ತಿಗೆ ಅಪ್ಪನ ಕಡೆ ತಿರುಗಿದರು. "ಗುಂಡಿ ಕೆಟ್ರೆ ಎರಡನ್ನೂ ಒಡ್ಕೊಂಡೋಗು. ಕೆಡ್ದಿದ್ರೆ ಆ ಗಿರಾಕಿ ಮತ್ತೆ ನಮ್ ಅಟ್ಟಿ ಕಡೆ ತಲೆ ಹಾಕಬಾರ್ದು."

ಮಾವ ಒಪ್ಪಿದರು. ಕೆಡುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಗುಂಡಿ ತುಂಬುವ ದಿನ ಅರ್ಧ ಊರು ಬಂದು ನಿಂತಿತು. ಟ್ರ್ಯಾಕ್ಟರ್ ಹಿಂದೆ ಮುಂದೆ ಓಡಾಡಿ ತುಳಿಯಿತು. ಟಾರ್ಪಾಲು ಹೊದಿಸುವಾಗ ಮಾವ ಕೇಳಿದರು, "ಮೇಷ್ಟ್ರೇ, ಗಾಳಿ ಇಲ್ದೆ ಕೊಳೀತದಲ್ಲ?"

"ಗಾಳಿ ಇದ್ದರೇ ಕೊಳೆಯೋದು ಮಾವ. ಕತ್ತರಿಸಿದ ಮೇವು ಇನ್ನೂ ಉಸಿರಾಡ್ತಾ ಇರುತ್ತೆ. ಒಳಗೆ ಸಿಕ್ಕಿಕೊಂಡ ಗಾಳಿಯನ್ನ ಅದೇ ಮುಗಿಸುತ್ತೆ. ಗಾಳಿ ಮುಗಿದ ಮೇಲೆ ಬೂಷ್ಟು ಬೆಳೆಯೋಕೆ ಆಗಲ್ಲ. ಆಮೇಲೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನ ಅರ್ಧಕ್ಕೆ ಮುರಿದು ಹುಳಿ ಮಾಡ್ತವೆ. ಆ ಹುಳಿಯಲ್ಲಿ ಮೇವು ಕೆಡದೆ ಉಳಿಯುತ್ತೆ."

"ಕಡ್ದಾಕಿದ್ ಮ್ಯಾಲೆ ಸತ್ತೋದಂಗಲ್ವಾ? ಸತ್ತಿದ್ದು ಎಂಗೆ ಉಸಿರಾಡ್ತದೆ?"

"ಸತ್ತಿಲ್ಲ. ಜೀವಕೋಶಗಳು ಇನ್ನೂ ಬದುಕಿವೆ."

ಮಾವ ಯೋಚನೆ ಮಾಡಿದರು. "ಅಂಗಾರೆ ಇನ್ನೂ ಜೀವ ಅದೆ ಅಂತೀರಿ."

"ಇದೆ."

"ಜೀವ ಇರೋದ್ರ ಮ್ಯಾಲೆ ಮಣ್ಣಾಕ್ತಾ ಇದೀರಿ."

ಸುತ್ತ ನಿಂತಿದ್ದವರು ಗುಂಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬರು ಚಪ್ಪಲಿ ಬಿಟ್ಟರು. ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡಳು. ಜೋಳದ ದಂಟಿಗೆ ಇಷ್ಟು ಮರ್ಯಾದೆ ಅದು ಹೊಲದಲ್ಲಿ ನಿಂತಿದ್ದಾಗ ಸಿಕ್ಕಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ನಾನು ಹೋಗಿ ನೋಡಿದರೆ ಗುಂಡಿಯ ಮೂಡಲ ಮೂಲೆಯಲ್ಲಿ ಒಂದು ಪಿ.ವಿ.ಸಿ. ಪೈಪು ನಿಂತಿದೆ. ಟಾರ್ಪಾಲು ಸೀಳಿ, ಒಂದಾಳುದ್ದ ಒಳಕ್ಕೆ ಇಳಿಸಿದ್ದಾರೆ. ತುದಿಗೆ ಮಳೆ ನೀರು ಇಳಿಯದಂತೆ ಬಾಗಿದ ಮೂತಿ. ಮೂತಿಗೆ ಇಲಿ ಹೋಗದಂತೆ ಜಾಲರಿ. ಕೆಲಸ ಅಚ್ಚುಕಟ್ಟಾಗಿತ್ತು, ಅದು ಇನ್ನೂ ಸಿಟ್ಟು ಬರಿಸಿತು.

"ಯಾರು ಮಾಡಿದ್ದು ಇದನ್ನ?"

"ನಾನೇಯ," ಅಂದರು ಮಾವ. "ಸೆಪ್ಟಿಕ್ ಟ್ಯಾಂಕಿಗೆ ಇಕ್ಕಲ್ವಾ, ಅಂಗೆ."

"ಅದು ಒಳಗಿನ ಗ್ಯಾಸು ಹೊರಗೆ ಹೋಗೋದಕ್ಕೆ ಮಾವ."

"ಒರಗೋಗೋ ದಾರೀಲಿ ಒಳಕ್ಕೂ ಬತ್ತದೆ. ನಮ್ಮೂರ್ ಬಸ್ಸು ಅಂಗೇ ಬರೋದು."

ಪೈಪು ಕಿತ್ತೆ. ತೂತಿಗೆ ಟೇಪು ಅಂಟಿಸಿ, ಮೇಲೆ ಮಣ್ಣು ಮೆತ್ತಿ, ಒಂದು ಹಳೇ ಟೈರು ಇಟ್ಟೆ. ಮಾವ ಬೇಲಿಯ ಹತ್ತಿರ ನಿಂತು ನೋಡಿದರು. "ಮೂಗು ಕಿತ್ರಲ್ಲ ಮೇಷ್ಟ್ರೇ," ಅಂದರು. ಪೈಪು ಎಲ್ಲಿಂದ ಬಂತು ಎಂಬುದು ಸಂಜೆ ತಿಳಿಯಿತು. ಅಣ್ಣ ಸ್ನಾನಕ್ಕೆ ಇಳಿದ, ಬಚ್ಚಲಿನ ನೀರು ಅಷ್ಟೂ ನಡುಮನೆಗೆ ಬಂತು.

ಬ್ಯಾರನ್ನಿನ ಬಾಗಿಲು

ಹೊಗೆಸೊಪ್ಪು ಕಿತ್ತು, ಕೋಲಿಗೆ ಕಟ್ಟಿ, ಬ್ಯಾರನ್ನಿನೊಳಗೆ, ಅಂದರೆ ಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಹದ ಮಾಡುವ ಮನೆಯೊಳಗೆ, ತೂಗುಹಾಕಿದ ಮೇಲೂ ಎಲೆ ಸಾಯುವುದಿಲ್ಲ. ಬಾಗಿಲು ಮುಚ್ಚಿ, ತೇವ ಹೋಗದಂತೆ ನೋಡಿಕೊಂಡು ಸಣ್ಣ ಉರಿ ಕೊಟ್ಟರೆ, ಅದು ಉಸಿರಾಡುತ್ತಾ ತನ್ನಲ್ಲಿರುವ ಪಿಷ್ಟವನ್ನು ಸಕ್ಕರೆ ಮಾಡಿಕೊಂಡು ಹಳದಿಗೆ ತಿರುಗುತ್ತದೆ. ತಿರುಗಿದ ಮೇಲೆ ಉರಿ ಏರಿಸಬೇಕು. ಅದಕ್ಕೆ ಮೊದಲೇ ಒಣಗಿ ಸತ್ತರೆ ಹಸಿರು ಹಾಗೇ ನಿಂತುಬಿಡುತ್ತದೆ. ಹರಾಜಿನಲ್ಲಿ ಅದನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಅಣ್ಣ ವರ್ಷಗಳಿಂದ ಬೇಯಿಸುತ್ತಿದ್ದಾನೆ, ಚೆನ್ನಾಗಿಯೇ ಬೇಯಿಸುತ್ತಾನೆ. ಕಾರಣ ಏನೆಂದು ಅವನು ಕೇಳಿದವನಲ್ಲ. ಗುಂಡಿಯ ಗಲಾಟೆ ಆದ ಮೇಲೆ ಕೇಳಿದ.

"ಅಂಗಾರೆ ನಮ್ ಸೊಪ್ಪೂ ಉಸಿರಾಡ್ತದೇನ್ಲಾ?"

"ಆಡುತ್ತೆ."

"ಬ್ಯಾರನ್ ಒಳಗೂವೆ?"

"ಒಳಗೂ."

ಅಣ್ಣ ಬ್ಯಾರನ್ನನ್ನೇ ನೋಡುತ್ತಾ ನಿಂತ. ಒಂದು ತಲೆಯೊಳಗಾದರೂ ವಿಜ್ಞಾನ ಇಳಿಯಿತು ಎಂದುಕೊಂಡು ನಾನು ಬಸ್ಸು ಹತ್ತಿದೆ.

ಇಳಿದದ್ದು ನಿಜ. ನನ್ನ ಬಸ್ಸು ಮರೆಯಾಗುವ ಮೊದಲೇ ಅವನು ಬ್ಯಾರನ್ನಿನ ಬಾಗಿಲು ತೆಗೆದ. ಮೇಲಿನ ಗಾಳಿಕಿಂಡಿಗಳನ್ನೂ ತೆಗೆದ. ತೇವವೆಲ್ಲ ಹೋಗಿ ಎಲೆ ಹಸಿರಿನಲ್ಲೇ ಒಣಗಿತು. ನಾನು ಮುಂದಿನ ಸಲ ಹೋದಾಗ, ಒಂದು ಬ್ಯಾರನ್ ತುಂಬ ಸೊಪ್ಪು ಹಬ್ಬದ ಮಾವಿನ ತೋರಣದ ಹಾಗೆ ಹಸಿರಾಗಿ ನೇತಾಡುತ್ತಿತ್ತು. ಮಾವ ಅದರ ಕೆಳಗೆ ನಿಂತು, ಮೇಲಕ್ಕೆ ನೋಡಿ, ಆಮೇಲೆ ನನ್ನನ್ನು ನೋಡಿದರು.  

ನನಗೆ ತಡೆಯಲಾಗಲಿಲ್ಲ, ಅಣ್ಣನ ಕಡೆ ತಿರುಗಿದೆ. "ಒಳಗೆ ಇರೋ ಗಾಳಿಯೇ ಅದಕ್ಕೆ ಬೇಕಾದಷ್ಟು. ಇಷ್ಟು ವರ್ಷ ಬಾಗಿಲು ಮುಚ್ಚಿ ಬೇಯಿಸಿದೆಯಲ್ಲ, ಆಗ ಏನಾದರೂ ಆಗಿತ್ತಾ?"

"ಇಲ್ಲ."

"ಮತ್ತೆ ಈಗ ಯಾಕೆ ತೆಗೆದೆ?"

ಅಣ್ಣನಿಗೂ ಸಿಟ್ಟು ಬಂತು. "ಆಗ ಅವು ಉಸಿರಾಡ್ತವೆ ಅಂತ ಗೊತ್ತಿರ್ಲಿಲ್ಲ ಕಣ್ಲಾ."

ಮೂಲೆ ಎತ್ತುವ ಶಾಸ್ತ್ರ

ನಮ್ಮ ಕಡೆ, ಮನೆಗೆ ಬಂದವರಿಗೆ ಹೊಸದೇನಿದ್ದರೂ ತೋರಿಸದೆ ಕಳಿಸುವಂತಿಲ್ಲ. ಹೊಸ ಟಿ.ವಿ. ತೋರಿಸುತ್ತಾರೆ. ಹೊಸ ಬೋರು ತೋರಿಸುತ್ತಾರೆ. ಆಪರೇಷನ್ ಆಗಿದ್ದರೆ ಹೊಲಿಗೆ ತೋರಿಸುತ್ತಾರೆ. ಗುಂಡಿ ಹೊಸದು.

ಕೆ.ಆರ್. ನಗರದಿಂದ ಅತ್ತಿಗೆಯ ಚಿಕ್ಕಮ್ಮ ಬಂದ ದಿನ ನಾನು ಅಲ್ಲೇ ಇದ್ದೆ. ಕಾಫಿ ಕುಡಿದರು, ಹಿತ್ತಿಲಿಗೆ ಹೋದರು. ಅತ್ತಿಗೆ ಟೈರು ಪಕ್ಕಕ್ಕೆ ಸರಿಸಿ, ಮಣ್ಣು ಕೆದಕಿ, ಟಾರ್ಪಾಲಿನ ಮೂಲೆ ಎತ್ತಿದರು. ಪೈಪು ಇದ್ದ ಅದೇ ಮೂಲೆ, ನಾನು ಟೇಪು ಹಾಕಿದ್ದ ಮೂಲೆ. ಅಲ್ಲಿ ಎತ್ತುವುದು ಸುಲಭವಂತೆ, ಮೊದಲೇ ಒಂದು ಸಲ ಸೀಳಿದ್ದರಲ್ಲ. ಚಿಕ್ಕಮ್ಮ ಮೊಣಕೈವರೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದರು.

"ವಸಿ ಬೆಚ್ಚಗದೆ ಕಣವ್ವ," ಅಂದರು. "ಬೇಯ್ತಾ ಅದೆ."

ನಾನು ಓಡಿದೆ. "ಬೇಯ್ತಾ ಇಲ್ಲ. ಗಾಳಿ ಒಳಗೆ ಹೋಗಿ ಮತ್ತೆ ಉಸಿರಾಡ್ತಾ ಇದೆ, ಅದಕ್ಕೇ ಬಿಸಿ. ಎಷ್ಟು ಜನಕ್ಕೆ ತೋರಿಸಿದ್ದೀರಿ?"

ಅತ್ತಿಗೆ ನೆನಪು ಮಾಡಿಕೊಂಡರು. ಹಾಲಿನ ಡೈರಿಯವರು. ಪಕ್ಕದ ಬೀದಿಯವರು. ಇಂಜೆಕ್ಷನ್ ಕೊಡಲು ಬಂದ ದನದ ಡಾಕ್ಟ್ರು. ಮತ ಕೇಳಲು ಬಂದವರು, ಎರಡೂ ಕಡೆಯವರು. "ಬಂದೋರ್ಗೆ ತೋರುಸ್ದೆ ಎಂಗ್ ಕಳ್ಸದು? ಒಂದ್ ಮೂಲೆ ಎತ್ತುದ್ರೆ ಏನಾದದು, ಮಿಕ್ಕಿದ್ ಮೂರ್ ಮೂಲೆ ಮುಚ್ಚೇ ಅವಲ್ಲ."

"ಒಬ್ಬೊಬ್ಬರು ಎತ್ತಿದಾಗಲೂ ಹೊಸ ಗಾಳಿ ಒಳಕ್ಕೆ ಹೋಗುತ್ತೆ ಅತ್ತಿಗೆ. ಹುಳಿ ಆಗೋದು ನಿಂತು ಬೂಷ್ಟು ಹಿಡಿಯುತ್ತೆ. ಇಡೀ ಗುಂಡಿಗೆ ಹಬ್ಬಿದರೆ ಕಪ್ಪು ಹಸು ರಾವಂದೂರಿನ ದಾರಿ ಹಿಡಿಯುತ್ತೆ."

ಅತ್ತಿಗೆ ಕೊಟ್ಟಿಗೆಯ ಕಡೆ ನೋಡಿದರು. ಅವತ್ತಿನಿಂದ ಅವರು ಯಾರಿಗೂ ತೋರಿಸಲಿಲ್ಲ. ನಾನು ಮೂಲೆಯನ್ನು ಮತ್ತೆ ಮುಚ್ಚಿ, ಮೇಲೆ ಇನ್ನಷ್ಟು ಮಣ್ಣು ಹಾಕಿ, "ತೆರೆಯಬಾರದು" ಎಂದು ದೊಡ್ಡದಾಗಿ ಒಂದು ಬೋರ್ಡು ಬರೆದು ನೆಟ್ಟೆ.

ಅದು ರಸ್ತೆಗೆ ಕಾಣುತ್ತಿತ್ತು. ಎರಡು ವಾರ ಬಿಟ್ಟು ಹೋದರೆ ಪರಿಚಯವೇ ಇಲ್ಲದ ಒಬ್ಬ ಗಂಡಸು ಬೈಕು ನಿಲ್ಲಿಸಿ, ಬೇಲಿ ದಾಟಿ ಬಂದು, ಮೂಲೆ ಎತ್ತಿಕೊಂಡು ಕೂತಿದ್ದಾನೆ.

"ಬೋರ್ಡು ಓದಲಿಲ್ವೇನ್ರೀ?"

"ಓದ್ದೆ," ಅಂದ. "ಅದಕ್ಕೇ ಬಂದೆ. ಇಲ್ದಿದ್ರೆ ನಂಗೆಂಗೆ ಗೊತ್ತಾಯ್ತಿತ್ತು?"

ಎರಡು ಫ್ಲಾಸ್ಕು

ಮಾವನಿಗೆ ಕಣ್ಣಿಗೆ ಕಾಣುವಂತೆ ಏನಾದರೂ ತೋರಿಸದ ಹೊರತು ಗುಂಡಿ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಅವರು ಗಿರಾಕಿಗೆ ವಾರಕ್ಕೊಂದು ಫೋನು ಮಾಡುತ್ತಿದ್ದರು. ಕಣ್ಣು ತೋರಿಸಲು ಹುಣಸೂರಿಗೆ ಬರುವವರಿದ್ದರು, ಹಾಗೇ ಕಾಲೇಜಿಗೆ ಬನ್ನಿ ಎಂದೆ.

ಪ್ರಯೋಗ ಸರಳ. ಒಂದು ಥರ್ಮಾಸ್ ಫ್ಲಾಸ್ಕಿನಲ್ಲಿ ಮೊಳಕೆ ಬಂದ ಹೆಸರುಕಾಳು. ಇನ್ನೊಂದರಲ್ಲಿ ಬೇಯಿಸಿ ಆರಿಸಿದ ಹೆಸರುಕಾಳು. ಎರಡಕ್ಕೂ ಒಂದೊಂದು ಥರ್ಮಾಮೀಟರು. ಬದುಕಿರುವ ಕಾಳು ಉಸಿರಾಡುತ್ತದೆ, ಅದರ ಫ್ಲಾಸ್ಕು ಬಿಸಿಯಾಗುತ್ತದೆ. ಸತ್ತ ಕಾಳು ಇದ್ದ ಹಾಗೇ ಇರುತ್ತದೆ. ಮೂಗಿಲ್ಲದ ವಸ್ತು ಉಸಿರಾಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಹಿಂದಿನ ದಿನವೇ ಎಲ್ಲ ಜೋಡಿಸಿಟ್ಟು, ಲ್ಯಾಬಿನ ಅಟೆಂಡರಿಗೆ ನೋಡಿಕೊಳ್ಳಪ್ಪ ಎಂದು ಹೇಳಿ ಹೋಗಿದ್ದೆ.

ಮಾರನೆಯ ದಿನ ಮಾವ ಬಂದರು. ನನಗೆ ಕ್ಲಾಸು ಇತ್ತು, ಅವರನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ ಹೋದೆ. ಕ್ಲಾಸು ಮುಗಿಸಿ ಅವರನ್ನು ಕರೆದುಕೊಂಡು ಲ್ಯಾಬಿಗೆ ಹೋದರೆ ಎರಡು ಫ್ಲಾಸ್ಕೂ ತೊಳೆದು ಬೋರಲು ಹಾಕಿವೆ.

"ಕಾಳೆಲ್ಲಿ?"

"ಆಗ್ಲೇ ಸ್ಟಾಫ್ ರೂಮಿಗೆ ಕೊಟ್ನಲ್ಲ ಸಾರ್," ಅಂದ ಅಟೆಂಡರು. "ನೋಡ್ಕೊ ಅಂದಿದ್ರಿ. ಮೊಳಕೆ ಇನ್ನೊಂದಿನ ಬುಟ್ರೆ ಕಹಿ ಬತ್ತದೆ. ಕೋಸಂಬರಿ ಮಾಡ್ಬುಟ್ಟೆ. ಬೆಂದಿದ್ದಕ್ಕೆ ಒಗ್ಗರಣೆ ಆಕಿ ಉಸ್ಲಿ."

"ಅದು ಪ್ರಯೋಗ."

"ಫ್ಲಾಸ್ಕಲ್ಲಿ ಇಟ್ಟಿದ್ರಲ್ಲ ಸಾರ್. ಯಾರೋ ದೊಡ್ಡೋರಿಗೆ ತಿಂಡಿ ಅಂದ್ಕಂಡೆ."

"ಥರ್ಮಾಮೀಟರ್ ಇತ್ತಲ್ಲ ಅದರಲ್ಲಿ?"

"ಬಿಸಿ ಎಷ್ಟದೆ ಅಂತ ನೋಡಕೆ ಇಟ್ಟವ್ರೆ ಅಂದ್ಕಂಡೆ."

ಅದು ಸರಿಯಾಗಿಯೇ ಇತ್ತು, ಅದಕ್ಕೆ ಅವನನ್ನು ಬಯ್ಯಲೂ ಆಗಲಿಲ್ಲ. ಮಾವನ ಕಡೆ ತಿರುಗಿದೆ. ಅವರು ಟವೆಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದರು.

"ನೀವೂ ತಿಂದಿರಾ?"

"ಒಂದ್ ತಟ್ಟೆ ಕೊಟ್ರು. ಬ್ಯಾಡ ಅನ್ನಕಾಯ್ತದಾ. ಅವೇ ಏನು ಉಸಿರಾಡೋ ಕಾಳು? ನಂಗೇನೂ ಗೊತ್ತಾಗ್ಲಿಲ್ಲ ಬುಡಿ."

ಪ್ರಿನ್ಸಿಪಾಲರು ಕೈ ತೊಳೆದುಕೊಂಡು ಕಾರಿಡಾರಿನಲ್ಲಿ ಬರುತ್ತಿದ್ದರು. ನನ್ನನ್ನು ಕಂಡು ನಿಂತರು. "ನಿಮ್ಮ ಪ್ರಾಕ್ಟಿಕಲ್ ಚೆನ್ನಾಗಿತ್ತು ಕಣ್ರೀ," ಅಂದರು. "ಉಪ್ಪು ಸ್ವಲ್ಪ ಮುಂದಿರಬೇಕಿತ್ತು."

ಹ್ಯಾಂಡ್‌ಪೋಸ್ಟಿನ ಗುರುಗಳು

ಹ್ಯಾಂಡ್‌ಪೋಸ್ಟಿನ ಪೇಟೆಬೀದಿಯ ಒಂದು ಕಲ್ಯಾಣ ಮಂಟಪದಲ್ಲಿ ಶ್ವಾಸ ಶಿಬಿರ ನಡೆಯಿತು. ಮಾವನಿಗೆ ಮಂಡಿ ನೋವು. ಮಂಡಿಗೂ ಶ್ವಾಸಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ನಾನು ಕೇಳಿ ಸಾಕಾಗಿದ್ದೇನೆ. ಅಪ್ಪನನ್ನು ಒಬ್ಬರನ್ನೇ ಕಳಿಸಬೇಡ ಎಂದು ಅತ್ತಿಗೆ ಅಪ್ಪಣೆ ಮಾಡಿದ್ದರಿಂದ ನಾನೂ ಹೋಗಿ ಚಾಪೆಯ ಮೇಲೆ ಕೂತೆ.

ಗುರುಗಳು ಬಿಳಿ ಪೈಜಾಮದವರು, ಕೆನ್ನೆಗೆ ಮೈಕು ಅಂಟಿಸಿಕೊಂಡಿದ್ದರು. ಬೆಳಿಗ್ಗೆ ಎದ್ದು ಅವರು ಹೇಳಿದ ಹಾಗೆ ದೀರ್ಘವಾಗಿ ಎಳೆದುಕೊಂಡರೆ, ಒಂದೊಂದು ಜೀವಕೋಶವೂ ಆಮ್ಲಜನಕ ತುಂಬಿಕೊಂಡು ಸಂಜೆಯವರೆಗೆ ದಾಸ್ತಾನು ಇಟ್ಟುಕೊಳ್ಳುತ್ತದಂತೆ. ಆಮೇಲೆ ಆಯಾಸವೆಂಬುದೇ ಇಲ್ಲವಂತೆ.

ನಾನು ಎದ್ದೆ. "ಜೀವಕೋಶದಲ್ಲಿ ಆಮ್ಲಜನಕದ ದಾಸ್ತಾನು ಇರೋದಿಲ್ಲ. ಬಂದದ್ದು ಬಂದ ಹಾಗೆ ಖರ್ಚು. ದಾಸ್ತಾನು ಇದ್ದಿದ್ದರೆ ಬಾವಿಗೆ ಬಿದ್ದವರು ಸಂಜೆವರೆಗೆ ಕೂತಿದ್ದು ಎದ್ದು ಬರುತ್ತಿದ್ದರು."

ಗುರುಗಳು ಕರುಣೆಯಿಂದ ನೋಡಿದರು. "ಇವರು ಓದಿದವರು. ಇವರ ಕೋಶಗಳು ಮುಚ್ಚಿಕೊಂಡಿವೆ."

ಜನ ಚಪ್ಪಾಳೆ ತಟ್ಟಿದರು. ಪಕ್ಕಕ್ಕೆ ನೋಡಿದರೆ ಮಾವನೂ ತಟ್ಟುತ್ತಿದ್ದಾರೆ.

ಸಂಜೆ ಮಾವನನ್ನು ಹ್ಯಾಂಡ್‌ಪೋಸ್ಟಿನಲ್ಲೇ ಅವರ ನೆಂಟರ ಮನೆಯಲ್ಲಿ ಬಿಟ್ಟು ನಾನು ಹುಣಸೂರಿನ ಬಸ್ಸು ಹತ್ತಿದೆ. ಬಸ್ಸು ಹೊರಟಿತು. ಕಿಟಕಿಯಿಂದ ನೋಡಿದರೆ ಗುರುಗಳು ಸ್ಪೀಕರಿನ ಡಬ್ಬ ಹೊತ್ತುಕೊಂಡು ಹಿಂದೆ ಓಡಿ ಬರುತ್ತಿದ್ದಾರೆ. ಕಂಡಕ್ಟರು ಸೀಟಿ ಊದಿದ. ಗುರುಗಳು ಹತ್ತಿ, ಖಾಲಿ ಇದ್ದ ಒಂದೇ ಸೀಟಿಗೆ, ಅಂದರೆ ನನ್ನ ಪಕ್ಕಕ್ಕೆ, ಬಿದ್ದರು. ಮಾತು ಹೊರಡಲು ಎರಡು ಊರು ದಾಟಬೇಕಾಯಿತು.

"ದಾಸ್ತಾನು ಏನಾಯ್ತು?" ಎಂದೆ.

"ಅದು ಬೆಳಗಿಂದು," ಅಂದರು ಗುರುಗಳು. "ಖರ್ಚಾಯ್ತು. ತೊಡೆ ಉರೀತಾ ಇದೆ ಸಾರ್."

ಸಿಟ್ಟು ಇತ್ತು, ಆದರೆ ಪಾಠ ಮಾಡುವವನಿಗೆ ಪಕ್ಕದಲ್ಲಿ ಕೂತವರು ಕೇಳಿದರೆ ತಡೆಯಲಾಗುವುದಿಲ್ಲ. ಹೇಳಿದೆ. ಓಡುವಾಗ ಸ್ನಾಯುವಿಗೆ ಬೇಕಾದಷ್ಟು ಆಮ್ಲಜನಕ ತಲುಪುವುದಿಲ್ಲ. ಆಗ ಅದು ಆಮ್ಲಜನಕ ಇಲ್ಲದೆಯೂ ಕೆಲಸ ನಡೆಸುತ್ತದೆ. ಸಕ್ಕರೆ ಅರ್ಧಕ್ಕೆ ಮುರಿದು ಹುಳಿಯಾಗುತ್ತದೆ. ಶಕ್ತಿ ಸ್ವಲ್ಪವೇ ಸಿಗುತ್ತದೆ, ಆದರೆ ಆ ಹೊತ್ತಿಗೆ ಅದೇ ಕೈ ಹಿಡಿಯುತ್ತದೆ. ಗುರುಗಳು ಹುಣಸೂರು ಬರುವವರೆಗೂ ಕಣ್ಣು ಮುಚ್ಚದೆ ಕೇಳಿದರು. ಇಷ್ಟು ಚೆನ್ನಾಗಿ ನನ್ನ ಪಾಠ ಕೇಳಿದ ವಿದ್ಯಾರ್ಥಿ ಇನ್ನೊಬ್ಬ ಇಲ್ಲ. ಇಳಿಯುವಾಗ ನನ್ನ ಕೈ ಹಿಡಿದು, ಕಣ್ಣು ತೆರೆಸಿದಿರಿ ಸಾರ್ ಎಂದರು.

ಮುಂದಿನ ತಿಂಗಳು ಪಿರಿಯಾಪಟ್ಟಣದ ಗೋಡೆಗಳ ಮೇಲೆ ಪೋಸ್ಟರು ಬಂತು. ಶ್ವಾಸ ಶಿಬಿರ, ಎರಡನೇ ಹಂತ. ಆಮ್ಲಜನಕವಿಲ್ಲದೆಯೂ ಶಕ್ತಿ ಪಡೆಯುವ ಪುರಾತನ ರಹಸ್ಯ.

ಎರಡನೇ ಹಂತ

ಆ ಶಿಬಿರಕ್ಕೆ ಮಾವ ಒಬ್ಬರೇ ಹೋದರು. ಬಂದವರು ಬೇರೆ ಮನುಷ್ಯರಾಗಿ ಬಂದರು.

"ಗಾಳಿ ಇಲ್ದೆನೂ ಆಯ್ತದಂತೆ ಕಣ್ರೀ," ಎಂದು ಊರಿಗೆಲ್ಲ ಹೇಳಿದರು. "ಸಕ್ಕರೆ ಅರ್ಧಕ್ಕೆ ಮುರ್ದು ಹುಳಿ ಆಯ್ತದಂತೆ. ವಸಿ ಶಕ್ತಿ ಸಿಕ್ತದೆ, ಆದ್ರೂ ಕೈ ಹಿಡೀತದೆ. ಗುರುಗಳು ಹೇಳವ್ರೆ."

ನನ್ನ ವಾಕ್ಯ. ಅಕ್ಷರ ಬಿಡದೆ ನನ್ನ ವಾಕ್ಯ. ಗುಂಡಿಯ ಅಂಚಿನಲ್ಲಿ ನಿಂತು ನಾನು ಗಂಟಲು ಹರಿದುಕೊಂಡಾಗ ಇದೇ ಮನುಷ್ಯ ಸೆಪ್ಟಿಕ್ ಟ್ಯಾಂಕಿನ ಉದಾಹರಣೆ ಕೊಟ್ಟಿದ್ದರು. ಅತ್ತಿಗೆ ಮಾತ್ರ, ಯಾರು ಹೇಳಿದರೇನು, ಮೂಲೆ ಎತ್ತುವುದು ನಿಂತರೆ ಸಾಕು ಎಂದರು. ನಿಂತಿತು. ಮಾವ ಗುಂಡಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಬೈಕು ನಿಲ್ಲಿಸಿದವರನ್ನು ಗದರಿ ಓಡಿಸಿದರು. ಟಾರ್ಪಾಲಿಗೆ ಅರಿಶಿನ ಕುಂಕುಮ ಬಿತ್ತು. ನನ್ನ ಬೋರ್ಡು ಮಾಡದ ಕೆಲಸವನ್ನು ಅರಿಶಿನ ಮಾಡಿತು. 

ಶಿವರಾತ್ರಿ ಕಳೆಯಿತು. ಬದುವಿನ ಹುಲ್ಲು ಒಣಗಿತು. ಕೊಟ್ಟಿಗೆಯಲ್ಲಿ ಬರೀ ಒಣಹುಲ್ಲು, ಹಾಲು ಇಳಿಯತೊಡಗಿತ್ತು. ಗುಂಡಿ ತೆರೆಯಬೇಕೆಂದು ಗೊತ್ತು ಮಾಡಿದ ಭಾನುವಾರ ನಾನು ಹೋದರೆ ಬಾಗಿಲ ಮುಂದೆ ಒಂದು ಗೂಡ್ಸ್ ಆಟೋ ನಿಂತಿದೆ. ಗಿರಾಕಿ. ಮಾವ ಮತಾಂತರಗೊಂಡಿದ್ದರು, ಆದರೆ ಅವನಿಗೆ ಫೋನು ಮಾಡಿ ಬೇಡ ಎನ್ನುವುದನ್ನು ಮರೆತಿದ್ದರು. ಅವನು ಕೊಟ್ಟಿಗೆಯೊಳಗೆ ಹೋಗಿ ಆಗಲೇ ಕಪ್ಪು ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ.

ಅತ್ತಿಗೆ ಸನಿಕೆ ಹಿಡಿದು ಗುಂಡಿಗೆ ಬಂದರು. ಮಾವ ಟೈರಿನ ಮೇಲೆ ಕೂತಿದ್ದರು, ಏಳಲಿಲ್ಲ.

"ಈಗ ತೆಗೀಬ್ಯಾಡ ಕಣವ್ವ. ಒಳಗೆ ಎರಡ್ನೇ ಹಂತ ನಡೀತಾ ಅದೆ."

"ಮುಗಿದಿದೆ ಮಾವ," ಎಂದೆ. "ಒಂದೂವರೆ ತಿಂಗಳಿಗೇ ಮುಗಿದಿರುತ್ತೆ. ಈಗ ಎಷ್ಟು ತಿಂಗಳಾಯ್ತು?"

"ನಿಮ್ ಕೋಶ ಮುಚ್ಕಂಡವೆ, ನೀವ್ ಮಾತಾಡ್ಬ್ಯಾಡಿ."

"ಅಪ್ಪಾ," ಅಂದರು ಅತ್ತಿಗೆ. "ಮ್ಯಾಕೇಳು."

"ಗುರುಗಳು..."

"ನನ್ ಹಸೀನ್ ಹಲ್ಲು ನೋಡ್ತಾ ಅವ್ನೆ ಅಲ್ಲಿ. ಮ್ಯಾಕೇಳು ಅಂದೆ."

ಮಾವ ಎದ್ದರು. ಮಂಡಿ ನೋವು ಹೋಗಿರಲಿಲ್ಲ.

ಮಣ್ಣು ಸರಿಸಿ, ಟಾರ್ಪಾಲು ಎತ್ತಿದರು. ರೂಢಿಯ ಮೇಲೆ ಕೈ ಹೋಗಿದ್ದು ಮೂಡಲ ಮೂಲೆಗೇ. ಒಳಗೆ ಕಪ್ಪಗೆ, ಲೋಳೆ ಲೋಳೆಯಾಗಿ, ಮೇಲೆ ಬಿಳಿ ಬೂಷ್ಟು. ನಾತ ಬೇಲಿಯ ತನಕ ಹೋಯಿತು. ಗಿರಾಕಿ ಕೊಟ್ಟಿಗೆಯಿಂದ ಹೊರಗೆ ಬಂದು ಮೂಗು ಮುಚ್ಚಿಕೊಂಡು ಇಣುಕಿದ. ಆಮೇಲೆ ಆಟೋದ ಹಿಂದಿನ ಹಲಗೆ ಇಳಿಸಲು ಹೋದ. ಅತ್ತಿಗೆ ನನ್ನನ್ನು ನೋಡಿದರು. ಆ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

"ಇದು ಎಲ್ಲರಿಗೂ ತೋರಿಸಿದ ಮೂಲೆ," ಎಂದೆ. "ಒಳಕ್ಕೆ ಅಗೆಯಿರಿ."

ಅಣ್ಣ ಸನಿಕೆ ತೆಗೆದುಕೊಂಡು ಕೆಟ್ಟದ್ದನ್ನು ತಿಪ್ಪೆಗೆ ಎಸೆಯುತ್ತಾ ಹೋದ. ಒಂದು ಮೊಳ, ಎರಡು ಮೊಳ. ಕಪ್ಪು ಹೋಗಿ ಕಂದು ಬಂತು. ಕಂದು ಹೋಗಿ ಹಳದಿ ಬೆರೆತ ಹಸಿರು ಬಂತು. ಆಮೇಲೆ ಬರೀ ಅದೇ. ನಾತ ಹೋಗಿ, ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಎದ್ದಿತು. ನಾನು ಒಂದು ಹಿಡಿ ತೆಗೆದು ಹಿಂಡಿದೆ. ನೀರು ಸುರಿಯಲಿಲ್ಲ, ಪುಡಿಯಾಗಲಿಲ್ಲ. ಪುಸ್ತಕದಲ್ಲಿ ಹೇಳಿದ ಹಾಗೇ ಇತ್ತು.

ಬಿದಿರಿನ ಮಂಕರಿ ತುಂಬಿ ಕಪ್ಪು ಹಸುವಿನ ಮುಂದೆ ಇಟ್ಟರು. ಅದು ಮೂಸಿತು. ಜೋರಾಗಿ ಉಸಿರು ಬಿಟ್ಟಿತು. ಮುಖ ಆಚೆಗೆ ತಿರುಗಿಸಿತು. ಗಿರಾಕಿ ಹಗ್ಗ ಬಿಚ್ಚಲು ಬಗ್ಗಿದ. ಅತ್ತಿಗೆ ಹಸುವಿನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ನೀವುತ್ತಾ ನಿಂತರು, ಕಣ್ಣಲ್ಲಿ ನೀರು ಬಂದಿತ್ತು. ಹಸು ಅವರ ಕೈಯನ್ನು ಮೂಸಿತು. ಆ ಕೈಗೂ ಅದೇ ಹುಳಿ ವಾಸನೆ ಅಂಟಿತ್ತು. ನೆಕ್ಕಿತು. ಮತ್ತೆ ಮಂಕರಿಗೆ ಮೂತಿ ಇಟ್ಟಿತು, ಇಟ್ಟದ್ದು ತೆಗೆಯಲಿಲ್ಲ. ಮೇವು ಮುಗಿದ ಮೇಲೆ ಮಂಕರಿಯ ಅಂಚನ್ನೂ ಕಚ್ಚಿ ಎಳೆಯಿತು. ಸಂತೋಷಕ್ಕೆ ನಾನು ಹತ್ತಿರ ಹೋಗಿ ಬೆನ್ನು ತಟ್ಟಿದೆ. ಒದೆಯಿತು.

ನಾನು ತೊಡೆ ಹಿಡಿದುಕೊಂಡು ಜಗಲಿಯಲ್ಲಿ ಕೂತೆ. ಗಿರಾಕಿ ಬರಿಗೈಯಲ್ಲಿ ಹೊರಟವನು, ಈ ಗುಂಡಿ ಹೇಗೆ ಹಾಕುವುದು ಎಂದು ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ಮಾವ ಅವನ ಹೆಗಲ ಮೇಲೆ ಕೈ ಹಾಕಿ ಗುಂಡಿಯ ಹತ್ತಿರ ಕರೆದುಕೊಂಡು ಹೋದರು. ಜಗಲಿಗೆ ಎಲ್ಲವೂ ಕೇಳಿಸುತ್ತಿತ್ತು.

"ಮೊದ್ಲು ಇದ್ಕೆ ಗಾಳಿ ಬ್ಯಾಡ, ತಿಳ್ಕೊ. ಅದು ಗುರುಗಳ ವಿದ್ಯೆ. ನೋಡು, ಎಲ್ಲಾ ಕಡೆ ಚಿನ್ನದಂಗದೆ. ಆ ಮೂಲೆ ಒಂದು ಕೆಟ್ಟೋಯ್ತು."

"ಅದ್ಯಾಕೆ ಕೆಟ್ಟದ್ದು ಯಜಮಾನ್ರೇ?"

ಮಾವ ದನಿ ತಗ್ಗಿಸಿದರು. ತಗ್ಗಿಸಿದರೂ ಅವರ ದನಿ ರಸ್ತೆಗೆ ಕೇಳುತ್ತದೆ. "ಮೇಷ್ಟ್ರು ಅಲ್ಲಿ ಕೈ ಇಟ್ಟಿದ್ರು. ಟೇಪು ಗೀಪು ಅಂತ ಏನೇನೋ ಮಾಡುದ್ರು."

ಗಿರಾಕಿ ನನ್ನ ಕಡೆ ನೋಡಿ ಪಾಪ ಎನ್ನುವಂತೆ ತಲೆಯಾಡಿಸಿ ಹೊರಟುಹೋದ. ಮಾವ ಬಂದು ಜಗಲಿಯಲ್ಲಿ ನನ್ನ ಪಕ್ಕ ಕೂತರು. ಅತ್ತಿಗೆ ಕಾಫಿ ತಂದುಕೊಟ್ಟರು. ಎರಡು ಗುಟುಕು ಕುಡಿದ ಮೇಲೆ ಮಾವ ನನ್ನ ತೊಡೆಯನ್ನು ಮೆಲ್ಲಗೆ ತಟ್ಟಿದರು, ಹಸು ಒದ್ದ ಜಾಗಕ್ಕೇ.

"ಬ್ಯಾಸ್ರ ಮಾಡ್ಕಬ್ಯಾಡಿ ಮೇಷ್ಟ್ರೇ," ಅಂದರು. "ಗುರುಗಳು ಮೂರ್ನೇ ಹಂತ ಇಕ್ಕವ್ರೆ. ನೀವೂ ಒಂದ್ಸಲ ಹೋಗ್ಬನ್ನಿ. ಉಸಿರಾಟ ಅಂದ್ರೇನು ಅಂತ ನಿಮ್ಗೂ ವಸಿ ತಿಳೀತದೆ."